ಕಪ್ಲೆ ಗಾಲಿ ಯಾಕೆ ಸೀಳ್ತು ಅಂತ ಕಾನ್ಸಾಸ್ ಸಿಟೀಲಿ ಗೊತ್ತಾಯ್ತು

ನಾನು ಚಿತ್ರದುರ್ಗದ ಸುತ್ತಮುತ್ತ ಹಳೇ ತೆರೆದ ಬಾವಿಗಳ ಹೂಳೆತ್ತಿಸೋ ಕೆಲಸ ಮಾಡ್ತೀನಿ, ನೀರು ಖಾಲಿ ಮಾಡೋಕೆ ಪಂಪು, ಕೆಸರು ಎತ್ತೋಕೆ ಕ್ರೇನು, ಜೊತೆಗೆ ನಾಲ್ಕು ಜನ ಹುಡುಗ್ರು. 2019ರ ಬೇಸಿಗೇಲಿ ಹೊಳಲ್ಕೆರೆ ಕಡೆ ಒಂದು ಬಾವಿ ಹೂಳಲ್ಲಿ ಮರದ ಕಪ್ಲೆ ಗಾಲಿ ಸಿಕ್ತು, ಅಂದ್ರೆ ಎತ್ತು ಕಟ್ಟಿ ಬಾವಿ ನೀರು ಎತ್ತೋವಾಗ ಹಗ್ಗ ಓಡೋ ರಾಟೆ. ಕಪ್ಪಗಾಗಿತ್ತು, ಆದ್ರೆ ಒಂದು ಚೂರೂ ಮುಕ್ಕಾಗಿರ್ಲಿಲ್ಲ, ಹಗ್ಗ ಸವೆದ ಗೆರೆ ಸಮೇತ ಕಾಣ್ತಿತ್ತು. ತೋಟದ ಯಜಮಾನ್ರಿಗೆ ಎಂಬತ್ತರ ಹತ್ರ ವಯಸ್ಸು, ಅದನ್ನ ಸವರಿ ನೋಡಿ "ನಮ್ಮಪ್ಪ ಕಪ್ಲೆ ಹೊಡಿತಿದ್ದ ಗಾಲಿ ಕಣಪ್ಪ ಇದು, ಜೋಪಾನ" ಅಂದ್ರು. ನಾನು ಒಳ್ಳೇದಾಗ್ಲಿ ಅಂತ್ಲೇ ಮಣ್ಣು ತೊಳೆದು ಬಿಸಿಲಿಗೆ ಇಟ್ಟೆ. ಒಂದೇ ವಾರಕ್ಕೆ ಮುರುಟಿ, ಸೀಳಿ, ಮೂರು ತುಂಡಾಯ್ತು. ಒಳಗೆ ಹುಳ ತಿಂದಿತ್ತು ಅನ್ಸುತ್ತೆ ಅಂತ ಅವ್ರಿಗೆ ಹೇಳಿದೆ, ನಂಗೂ ಹಾಗೇ ಅನ್ಸಿತ್ತು.

ಹೋದ ವರ್ಷ ಅಮೆರಿಕಕ್ಕೆ ತಂಗಿ ಮನೆಗೆ ಹೋದಾಗ ಅವಳ ಗಂಡ ಕಾನ್ಸಾಸ್ ಸಿಟೀಲಿರೋ ಅರೇಬಿಯಾ ಸ್ಟೀಮ್‌ಬೋಟ್ ಮ್ಯೂಸಿಯಂಗೆ ಕರ್ಕೊಂಡು ಹೋದ್ರು. ಅರೇಬಿಯಾ ಅಂದ್ರೆ 171 ಅಡಿ ಉದ್ದದ ಉಗಿ ದೋಣಿ, 1856ರ ಸೆಪ್ಟೆಂಬರ್ 5ಕ್ಕೆ ಮಿಸೌರಿ ನದೀಲಿ ಹೋಗ್ತಿದ್ದಾಗ ನೀರೊಳಗೆ ಅಡಗಿದ್ದ ವಾಲ್‌ನಟ್ ಮರದ ಬೊಡ್ಡೆ ತಳಕ್ಕೆ ಚುಚ್ಚಿ ಮುಳುಗ್ತು. ಜನ ಎಲ್ಲಾ ಉಳ್ಕೊಂಡ್ರು, ಕಟ್ಟಿಹಾಕಿದ್ದ ಒಂದು ಹೇಸರಗತ್ತೆ ಮಾತ್ರ ಸತ್ತೋಯ್ತು. ಅದರ ಮೂಳೆಗಳನ್ನ ಅಲ್ಲೇ ಇಟ್ಟಿದಾರೆ, ಅದರ ಮುಂದಿಂದ ನಂಗೆ ಬೇಗ ಹೆಜ್ಜೆ ಕೀಳೋಕೇ ಆಗ್ಲಿಲ್ಲ.

ಆಮೇಲೆ ನದೀನೇ ದಾರಿ ಬದಲಿಸ್ತು, ದೋಣಿ ಹೊಳೆಯಿಂದ ಅರ್ಧ ಮೈಲಿ ದೂರ ಮೆಕ್ಕೆಜೋಳದ ಹೊಲದಡಿ 45 ಅಡಿ ಆಳದಲ್ಲಿ ಉಳೀತು. ಹಾಲಿ ಅನ್ನೋ ಕುಟುಂಬ, ಫ್ರಿಜ್ ಏಸಿ ಕೆಲಸದವರು, ಹಳೇ ನಕ್ಷೆ ಮತ್ತೆ ಕಬ್ಬಿಣ ಪತ್ತೆ ಹಚ್ಚೋ ಮ್ಯಾಗ್ನೆಟೋಮೀಟರ್ ಹಿಡ್ಕೊಂಡು ಹುಡುಕಿ, ಫಸಲು ಕೊಯ್ದ ಮೇಲೆ 1988ರ ನವೆಂಬರಲ್ಲಿ ಅಗೆಯೋಕೆ ಶುರು ಮಾಡಿ ಬಿತ್ತನೆಗೆ ಮುಂಚೆ, ಫೆಬ್ರವರಿಗೆ ಮುಗಿಸಿದ್ರಂತೆ. ನನ್ನ ಕಣ್ಣು ನಿಂತಿದ್ದು ಅವರು ನೀರು ಇಳಿಸಿದ ರೀತಿ ಮೇಲೆ. ಸುತ್ತಲೂ 65 ಅಡಿಯ 20 ಬೋರು ಕೊರೆದು ನಿಮಿಷಕ್ಕೆ 20,000 ಗ್ಯಾಲನ್ ಎತ್ತಿದಾರೆ. ಮರಳು ನೆಲದಲ್ಲಿ ಗುಂಡಿಯೊಳಗೇ ಪಂಪ್ ಬಿಟ್ರೆ ನೀರಿನ ಜೊತೆ ಮರಳೂ ಬಂದು ದಡ ಕುಸಿಯುತ್ತೆ, ಹಂಗಾಗಿ ಹೊರಗಿಂದ ಅಂತರ್ಜಲಾನೇ ಕೆಳಗಿಳಿಸ್ಬೇಕು. ನಮ್ಮಲ್ಲಿ ಬೋರಲ್ಲಿ ಎರಡಿಂಚು ನೀರು ಬಿದ್ರೆ ಕಾಯಿ ಒಡೀತೀವಿ, ಅಲ್ಲಿ ನೀರು ಕಡಿಮೆ ಮಾಡೋಕೆ ಅಷ್ಟೊಂದು ಬೋರು!

ಒಳಗೆ 200 ಟನ್ ಸರಕಿತ್ತಂತೆ. ಪಿಂಗಾಣಿ ತಟ್ಟೆ, ಬೂಟು, ಗುಂಡಿ, ಉಪ್ಪಿನಕಾಯಿ ಬಾಟಲಿ, ಕೆಸರಲ್ಲಿ ಗಾಳಿ ಆಡದೆ ಹಂಗಂಗೇ ಉಳಿದಿದಾವೆ. ಅಲ್ಲೇ ಒಂದು ಲ್ಯಾಬ್ ಇದೆ, ಇವತ್ತಿಗೂ ವಸ್ತು ಕ್ಲೀನ್ ಮಾಡ್ತಾನೇ ಇದಾರೆ. ಲ್ಯಾಬಿನವರನ್ನ ತಂಗಿ ಗಂಡನ ಕೈಲಿ ಕೇಳಿಸ್ದೆ, ಮರ ಹೆಂಗೆ ಉಳಿಸ್ತೀರ ಅಂತ. ವರ್ಷಗಟ್ಲೆ ನೀರಲ್ಲಿದ್ದ ಮರದ ಒಳಗಿನ ಗೂಡುಗಳೆಲ್ಲ ನೀರಿನ ಬಲದ ಮೇಲೇ ನಿಂತಿರ್ತವೆ, ಬೇಗ ಒಣಗಿಸಿದ್ರೆ ಒಳಗೇ ಕುಸಿದು ಮರ ಮುರುಟುತ್ತೆ ಅಂದ್ರು. ಅದಕ್ಕೆ ಅದನ್ನ ಒದ್ದೆಯಾಗೇ ಇಟ್ಟು, ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ಮೇಣದಂಥ ಪದಾರ್ಥದಲ್ಲಿ ತಿಂಗಳುಗಟ್ಲೆ ನೆನೆಸಿ, ನೀರಿನ ಜಾಗಕ್ಕೆ ಅದನ್ನ ತುಂಬಿಸಿ ಆಮೇಲೆ ಒಣಗಿಸ್ತಾರೆ. ಕೇಳ್ತಾ ಕೇಳ್ತಾ ಎದೆ ಭಾರ ಆಯ್ತು. ಹುಳ ಏನೂ ತಿಂದಿರ್ಲಿಲ್ಲ, ಅದನ್ನ ಹಾಳು ಮಾಡಿದ್ದು ನಾನು.

ವಾಪಸ್ ಬಂದ ಮೇಲೆ ಯಜಮಾನ್ರ ಮನೆಗೆ ಹೋಗಿ ಇದ್ದದ್ದು ಇದ್ದಂಗೆ ಹೇಳ್ದೆ. ಮೂರೂ ತುಂಡನ್ನ ಬಟ್ಟೇಲಿ ಕಟ್ಟಿ ಅಟ್ಟದ ಮೇಲೆ ಇಟ್ಕೊಂಡಿದ್ರು. "ನಿಂಗೂ ಗೊತ್ತಿರ್ಲಿಲ್ಲ ಬಿಡಪ್ಪ" ಅಂದ್ರು, ಟೀ ಕುಡಿಸಿ ಕಳಿಸಿದ್ರು.

ಈಗ ನಮ್ಮ ಗಾಡೀಲಿ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಹತ್ತು ಗೋಣಿಚೀಲ ಯಾವಾಗ್ಲೂ ಇರುತ್ತೆ. ಹೂಳಲ್ಲಿ ಮರ ಸಿಕ್ರೆ ತೊಳೆಯಂಗಿಲ್ಲ, ಬಿಸಿಲಿಗೆ ಇಡಂಗಿಲ್ಲ, ಒದ್ದೆ ಗೋಣೀಲಿ ಸುತ್ತಿ ನೆರಳಲ್ಲಿ ಡ್ರಮ್ಮಿನ ನೀರಲ್ಲಿ ಮುಳುಗಿಸಿ ಫೋಟೋ ತೆಗೆದು ನಂಗೆ ಫೋನ್ ಮಾಡ್ಬೇಕು ಅಂತ ಹುಡುಗ್ರಿಗೆ ಹೇಳಿದೀನಿ. ಹೋದ ತಿಂಗಳು ಒಂದು ತೊಲೆ ತುಂಡು ಸಿಕ್ಕಿದೆ, ಡ್ರಮ್ಮಲ್ಲೇ ಇದೆ, ವಾರಕ್ಕೊಂದ್ಸಲ ನೀರು ಬದಲಾಯಿಸ್ತಿದೀನಿ.