ಕಪ್ಪತಗುಡ್ಡದ ಬುಡದಲ್ಲಿ ಸಪ್ಪಗಾದ ಹುಗ್ಗಿ

ಗೋಧಿ ಹುಗ್ಗಿ ಬಾಯಿಗಿಟ್ಟರೆ ಸಿಹಿಯೇ ಇಲ್ಲ. ತುಪ್ಪದ ವಾಸನೆ ಮೂಗಿಗೆ ಬಡಿಯುತ್ತಿದೆ, ಬೆಂದ ಗೋಧಿ ಹಲ್ಲಿಗೆ ಸಿಗುತ್ತಿದೆ, ಬೆಲ್ಲ ಮಾತ್ರ ಎಲ್ಲಿ ಹೋಯಿತೋ! ಪಕ್ಕದಲ್ಲಿ ಕುಳಿತ ಅಕ್ಕನ ಮಗ ಅದೇ ಹುಗ್ಗಿಯನ್ನು ಎರಡನೇ ಸಲ ನೀಡಿಸಿಕೊಳ್ಳುತ್ತಿದ್ದ. ಎದುರಿಗಿದ್ದ ಅಜ್ಜ ನನ್ನ ಮುಖ ನೋಡಿ, "ಹೆಂಗೈತ್ರಿ?" ಅಂದರು.

ಊಟಕ್ಕೆ ಮೊದಲು ಅವರು ಬೇಲಿಗೆ ಹಬ್ಬಿದ ಬಳ್ಳಿಯಿಂದ ಎರಡು ಎಲೆ ಕಿತ್ತು ಕೊಟ್ಟಿದ್ದರು. ಚೆನ್ನಾಗಿ ಅಗಿದೆ, ತುಸು ಕಹಿ. ಅದು ಮಧುನಾಶಿನಿ. ಅದರ ಅಂಶ ನಾಲಿಗೆಗೆ ಸಿಹಿ ತಿಳಿಯದಂತೆ ತಡೆಯುತ್ತದೆಂದು ಓದಿದ್ದೆ. ಓದಿದ್ದು ಬೇರೆ, ಕಾರ್ತಿಕ ಸೋಮವಾರದ ಹುಗ್ಗಿ ಬಾಯಲ್ಲೇ ಸಪ್ಪಗಾಗುವುದು ಬೇರೆ.

ಹುಬ್ಬಳ್ಳಿಯಿಂದ ಗದಗ ದಾಟಿ ಮುಂಡರಗಿ ತಾಲ್ಲೂಕಿನ ಡೋಣಿ ಕಡೆ ಹೊರಟಿದ್ದೆವು. ಕಪ್ಪತಗುಡ್ಡ ವನ್ಯಜೀವಿಧಾಮವಾದ್ದರಿಂದ ಮೇಲೆ ರಾತ್ರಿ ಕಳೆಯುವ ಯೋಚನೆ ಬಿಟ್ಟು ಬುಡದ ಒಂದು ಮಠದ ಪಡಸಾಲೆಯಲ್ಲಿ ತಂಗಿದೆವು. ಅಲ್ಲಿಗೆ ಮುಟ್ಟುವುದೇ ಸಾಕಾಯಿತು. ಟಂಟಂನವನು "ಇಲ್ಲೇ ಸಮೀಪ ಐತ್ರಿ, ಹತ್ತು ಮಿನಿಟು" ಎಂದು ದಾರಿಗಳು ಕೂಡುವ ಕೂಟಿನಲ್ಲಿ ಇಳಿಸಿ, ಪೂರ್ತಿ ಬಾಡಿಗೆ ಎಣಿಸಿಕೊಂಡು ಹೋದ. ಒಂದೂಕಾಲು ತಾಸು ನಡೆದೆವು. ಬಿಸಿಲು, ಕೈಯಲ್ಲಿ ಒಂದೇ ಬಾಟಲಿ ನೀರು. ಇಂದಿಗೂ ಸಿಟ್ಟಿದೆ. ಹೋಗುವವರು ವಾಪಸು ಬರುವ ಗಾಡಿಯನ್ನೂ ಮೊದಲೇ ಮಾತಾಡಿಕೊಳ್ಳಿ. ತಲೆಗೆ ಎರಡು ಲೀಟರ್ ನೀರಿಲ್ಲದೆ ಗುಡ್ಡ ಹತ್ತಬೇಡಿ.

ಊಟದ ಬಳಿಕ ಅಜ್ಜನ ಜೊತೆ ಕಟ್ಟೆಯ ಮೇಲೆ ಕುಳಿತೆ. ಮಾತು ಬಳ್ಳಿಯಿಂದ ಗುಡ್ಡಕ್ಕೆ ಹೊರಳಿತು.

"ಗುಡ್ಡದಾಗಿಂದು ಒಂದು ಎಲಿನೂ ಮುಟ್ಟಂಗಿಲ್ರಿ. ಇದು ಬೇಲ್ಯಾಗ ಬೆಳೆದದ್ದು, ಅದಕ್ಕ ಕೊಟ್ಟೆ."

"ಮೊದಲು ತರತಿದ್ರೇನು?"

"ತರತಿದ್ರು. ಚೀಲ ತುಂಬಿ ತರತಿದ್ರು. ಬೇರು ಸಮೇತ ಕಿತ್ರ ಮುಂದಿನ ವರ್ಷ ಏನು ಬರತೈತಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. "ಬ್ಯಾಸಗ್ಯಾಗ ಬಾದಿ ಹುಲ್ಲು ಒಣಗಿ ನಿಂತಿರತೈತಿ. ಯಾವನರ ಒಂದು ಬೀಡಿ ಒಗದ್ರ ಮುಗೀತು. ಈ ಕಟ್ಟಿ ಮ್ಯಾಲೆ ಕುಂತ್ರ ಬೆಂಕಿ ಗೆರಿ ಎಳದಂಗ ಕಾಣತೈತಿ. ಹಸಿ ಟೊಂಗಿ ಹಿಡಕೊಂಡು ಹೋಗಿ ಬಡದೀವಿ. ದೊಡ್ಡ ಮರ ಸುಟ್ರ ಮಂದಿಗೆ ಕಾಣತೈತ್ರಿ. ಇಂಥಾ ಬಳ್ಳಿ ಸುಟ್ರ ಯಾರಿಗೆ ಕಾಣತೈತಿ?"

ನನ್ನ ಬಾಯಲ್ಲಿ ಆ ಬಳ್ಳಿಯ ಕಹಿ ಇನ್ನೂ ಇತ್ತು. ಉತ್ತರ ಕೊಡಲಾಗಲಿಲ್ಲ.

ಈ ಗುಡ್ಡದೊಳಗೆ ಕಬ್ಬಿಣವಿದೆ, ಚಿನ್ನವಿದೆ, ಕಣ್ಣಿಟ್ಟವರಿಗೆ ಕೊರತೆಯಿಲ್ಲ. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟವನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಶ್ರೀಗಳು ಮುಂದೆ ನಿಂತರು, ಜನ ಧರಣಿ ಕುಳಿತರು. 2017ರಲ್ಲಿ ಆ ಪಟ್ಟ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಶ್ರೀಗಳು 2018ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ. "ಧರಣಿಗೆ ನಾನೂ ರೊಟ್ಟಿ ಕಟಗೊಂಡು ಹೋಗಿದ್ದೆ" ಎಂದರು ಅಜ್ಜ, ಮದುವೆಗೆ ಹೋಗಿಬಂದವರ ಹಾಗೆ.

ರಾತ್ರಿ ಚಳಿಗೆ ಎಚ್ಚರವಾದಾಗ ದೂರದಲ್ಲಿ ಏನೋ ಊಳಿಟ್ಟಿತು. ಇಲ್ಲಿ ತೋಳವೂ ಇದೆ, ಕತ್ತೆಕಿರುಬವೂ ಇದೆ. ಕಂಬಳಿ ಮೇಲೆಳೆದುಕೊಂಡೆ.

ಬೆಳಗ್ಗೆ ಹೊರಡುವಾಗ ಅಡುಗೆ ಮಾಡುವ ಅವ್ವ ಒಂದು ಡಬ್ಬಿ ಕೊಟ್ಟರು. "ರಾತ್ರಿ ನಿಮಗ ಹುಗ್ಗಿ ಹತ್ತಲಿಲ್ಲಲ್ಲಾ, ಮ್ಯಾಲೆ ಹೋಗಿ ತಿನ್ರಿ."

ಕಪ್ಪತ ಮಲ್ಲೇಶ್ವರನಿಗೆ ಕೈಮುಗಿದು ಗಾಳಿಗುಂಡಿಗೆ ಹೋದೆವು. ಹೆಸರಿಗೆ ತಕ್ಕ ಜಾಗ. ಅಂಗಿ ಪಟಪಟ ಬಡಿದುಕೊಳ್ಳುತ್ತದೆ, ಪಕ್ಕದವರ ಮಾತು ಕೇಳುವುದಿಲ್ಲ. ಹಸಿರು ಏಣುಗಳು ಒಂದರ ಹಿಂದೊಂದು, ಅವುಗಳ ಆಚೆ ಬಯಲು. ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಅಕ್ಕನ ಮಗ ಮೆಚ್ಚಿ ಫೋಟೋ ತೆಗೆದ. ನನಗೆ ಅವು ಹಿಡಿಸಲಿಲ್ಲ. ಗುಡ್ಡದ ಏಣು ನಡುವೆ ತುಂಡಾಗದೆ ಕಾಣಬೇಕೆಂಬ ಆಸೆ ನನ್ನದು.

ಬಂಡೆಯ ಮರೆಗೆ ಕುಳಿತು ಡಬ್ಬಿ ತೆರೆದೆ. ತಣ್ಣಗಾಗಿ ಗಟ್ಟಿಯಾದ ಹುಗ್ಗಿ. ಮೊದಲ ತುತ್ತಿಗೇ ಬೆಲ್ಲ ಬಾಯಿತುಂಬ ಬಂತು.