ತವರಿಲ್ಲದ ತವರು ಸರಣಿ
2002ರ ಮೇ ತಿಂಗಳಲ್ಲಿ ಕರಾಚಿಯಲ್ಲಿ ನ್ಯೂಜಿಲೆಂಡ್ ತಂಡ ತಂಗಿದ್ದ ಹೋಟೆಲಿನ ಹೊರಗೆ ಬಾಂಬ್ ಸಿಡಿದ ಮೇಲೆ, ಅದೇ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧದ ತನ್ನ ತವರಿನ ಟೆಸ್ಟ್ ಸರಣಿಯನ್ನು ಪಾಕಿಸ್ತಾನವು ಕೊಲಂಬೊ ಮತ್ತು ಶಾರ್ಜಾಗಳಲ್ಲಿ ಆಡಬೇಕಾಯಿತು. ಕೊಲಂಬೊದಲ್ಲಿ 41 ರನ್ನುಗಳಿಂದ ಸೋತರೂ ಅದರಲ್ಲಿ ಹೋರಾಟವಿತ್ತು. ಶಾರ್ಜಾದ ಸುಡುಬಿಸಿಲಿನಲ್ಲಿ ಮಾತ್ರ ತಂಡ 59 ಮತ್ತು 53ಕ್ಕೆ ಕುಸಿಯಿತು. ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಡನ್ ಒಬ್ಬರೇ ಗಳಿಸಿದ 119 ರನ್ನುಗಳನ್ನು ಎರಡೂ ಇನ್ನಿಂಗ್ಸ್ ಸೇರಿಯೂ ಮುಟ್ಟಲಾಗದೆ, ಎರಡೇ ದಿನಗಳಲ್ಲಿ ಪಂದ್ಯ ಮುಗಿದುಹೋಯಿತು. ಮಲ್ಲೇಶ್ವರದ ಮನೆಯಲ್ಲಿ ಮರುದಿನ ಪತ್ರಿಕೆಯ ಸ್ಕೋರುಪಟ್ಟಿಯನ್ನು ಅಚ್ಚಿನ ತಪ್ಪಿರಬೇಕೆಂದು ನಾನು ಎರಡು ಬಾರಿ ಓದಿದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕುಂಬ್ಳೆ ಬೌಲಿಂಗಿಗೆ ಇಳಿದಾಗ ಏಳುತ್ತಿದ್ದ ಕೂಗನ್ನು ಕೇಳಿದವನಿಗೆ, ಪರದೇಶದ ಮೈದಾನವನ್ನು ತವರೆಂದು ಕರೆಯುವುದು ದಾಖಲೆಯ ಮಾತಾಗಿಯಷ್ಟೇ ಕಾಣುತ್ತದೆ.