ಜೂನ್ ಶೋ ನೋಡಿ ಯಾವ ಗೇಮ್ ಪ್ರೀ-ಆರ್ಡರ್ ಮಾಡಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮುಂಗಾರು ಹಿಡಿಯುವ ಹೊತ್ತಿಗೆ ಹಾಸನದ ಇಂಜಿನಿಯರಿಂಗ್ ಹುಡುಗರಿಂದಲೂ ಚಿಕ್ಕಮಗಳೂರಿನ ಗೇಮಿಂಗ್ ಸೆಂಟರ್‌ಗಳಲ್ಲಿ ಸಿಗುವವರಿಂದಲೂ ಪ್ರತಿ ವರ್ಷ ಒಂದೇ ಪ್ರಶ್ನೆ: "ಅಣ್ಣಾ, ಸಮ್ಮರ್ ಗೇಮ್ ಫೆಸ್ಟ್ ನೋಡಿದ್ರಾ? ಯಾವ್ದು ಪ್ರೀ-ಆರ್ಡರ್ ಮಾಡ್ಲಿ?" ಸಮ್ಮರ್ ಗೇಮ್ ಫೆಸ್ಟ್ ಎಂದರೆ ಬರಲಿರುವ ಗೇಮ್‌ಗಳ ಟ್ರೇಲರ್ ತೋರಿಸುವ ಜೂನ್ ತಿಂಗಳ ಶೋ; ಪ್ರೀ-ಆರ್ಡರ್ ಎಂದರೆ ಬಿಡುಗಡೆಗೆ ಮೊದಲೇ ದುಡ್ಡು ಕೊಟ್ಟು ಗೇಮ್ ಕಾಯ್ದಿರಿಸುವುದು. ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದು: "ಈಗೀಗ ಶೋ ವಿಷಯ ಮಾತೇ ಆಡಲ್ಲ ನೀವು. ಗೇಮ್ ಮೇಲೆ ಆಸೆ ಹೋಯ್ತಾ?" ಗೇಮ್ ಮೇಲಿನ ಆಸೆ ಹಾಗೇ ಇದೆ. ಶೋ ಮೇಲಿದ್ದ ನಂಬಿಕೆ ಹೋಗಿದೆ. ಪ್ರೀ-ಆರ್ಡರ್ ವಿಷಯಕ್ಕೆ ಉತ್ತರ ಚಿಕ್ಕದು: ಯಾವುದನ್ನೂ ಮಾಡಬೇಡಿ. ಕಾರಣ ಮಾತ್ರ ಸ್ವಲ್ಪ ಉದ್ದ, ಏಕೆಂದರೆ ಶೋಗಳು ಬೇಸರ ಬರಿಸುವುದಕ್ಕೂ ಹೊಸ ಗೇಮ್‌ಗಳು ಒಂದರ ಅಚ್ಚಿನಲ್ಲಿ ಇನ್ನೊಂದು ಬರುವುದಕ್ಕೂ ಮೂಲ ಒಂದೇ.

ಈ ಶೋಗಳು ಮೊದಲು ಯಾರಿಗಾಗಿ ಇದ್ದವು ಎಂಬುದನ್ನು ನೋಡಿ. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಇ3 ಎಂಬ ವಿಡಿಯೋ ಗೇಮ್ ಮೇಳ ವ್ಯಾಪಾರಿಗಳ ಮತ್ತು ಪತ್ರಕರ್ತರ ಸಂತೆ. ಅಂಗಡಿಯವರು ಬಂದು ವರ್ಷದ ಕೊನೆಯ ಸೀಸನ್‌ಗೆ ಎಷ್ಟು ಪ್ರತಿ ತರಿಸಬೇಕೆಂದು ತೀರ್ಮಾನಿಸುತ್ತಿದ್ದರು. ಪತ್ರಕರ್ತರು ಕಂಟ್ರೋಲರ್ ಹಿಡಿದು ಆಡಿ, ತಯಾರಿಸಿದವರನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. 2011ರಲ್ಲಿ ನಿಂಟೆಂಡೊ ತನ್ನದೇ ವಿಡಿಯೋ ಪ್ರಸಾರ ಶುರು ಮಾಡಿತು. 2019ರಲ್ಲಿ ಸೋನಿ ಇ3ಗೆ ಹೋಗುವುದನ್ನೇ ಬಿಟ್ಟು ಸ್ಟೇಟ್ ಆಫ್ ಪ್ಲೇ ಎಂಬ ತನ್ನದೇ ಪ್ರಸಾರ ಆರಂಭಿಸಿತು. 2020ರಲ್ಲಿ ಕೋವಿಡ್ ಬಂತು, 2023ರ ಡಿಸೆಂಬರ್‌ನಲ್ಲಿ ಇ3 ಶಾಶ್ವತವಾಗಿ ಮುಚ್ಚಿತು. ಆ ಜಾಗದಲ್ಲಿ ಈಗಿರುವುದು 2020ರಿಂದ ನಡೆಯುತ್ತಿರುವ ಸಮ್ಮರ್ ಗೇಮ್ ಫೆಸ್ಟ್, 2014ರಿಂದ ನಡೆಯುತ್ತಿರುವ ದಿ ಗೇಮ್ ಅವಾರ್ಡ್ಸ್, ಜೊತೆಗೆ ಕಂಪನಿಗಳ ಸ್ವಂತ ಪ್ರಸಾರಗಳು. ಇ3ಯಲ್ಲೂ ಸುಳ್ಳು ಟ್ರೇಲರ್‌ಗಳಿದ್ದವು. ಆದರೆ ಮಧ್ಯೆ ನಿಂತು ಆಡಿ ನೋಡಿ ಹೇಳುವ ಒಬ್ಬ ಮನುಷ್ಯನಿದ್ದ. ಈಗಿನ ಪ್ರಸಾರದಲ್ಲಿ ತಯಾರಕರಿಗೂ ನಿಮಗೂ ನಡುವೆ ಯಾರೂ ಇಲ್ಲ.

ಅಲ್ಲಿ ಸಮಯಕ್ಕೆ ಬೆಲೆ ಕಟ್ಟಲಾಗುತ್ತದೆ. 2024ರ ಸಮ್ಮರ್ ಗೇಮ್ ಫೆಸ್ಟ್‌ನಲ್ಲಿ ಒಂದು ನಿಮಿಷದ ಟ್ರೇಲರ್‌ಗೆ 2.5 ಲಕ್ಷ ಡಾಲರ್, ಎರಡೂವರೆ ನಿಮಿಷಕ್ಕೆ 5.5 ಲಕ್ಷ ಡಾಲರ್ ದರವಿತ್ತು ಎಂದು ಎಸ್ಕ್ವೈರ್ ಪತ್ರಿಕೆ ವರದಿ ಮಾಡಿತ್ತು. ಆಗಿನ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಸುಮಾರು 2 ಕೋಟಿ ರೂಪಾಯಿ. ಆಯೋಜಕರೇ ಆರಿಸಿ ಉಚಿತವಾಗಿ ತೋರಿಸುವ ಗೇಮ್‌ಗಳೂ ಇವೆ, ಆದರೆ ಯಾವುದು ಕಾಸು ಕೊಟ್ಟದ್ದು, ಯಾವುದು ಆರಿಸಿದ್ದು ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ.

ನಿಮಿಷಕ್ಕೆ 2 ಕೋಟಿ ಕೊಟ್ಟವರು ಆ ನಿಮಿಷದಲ್ಲಿ ಏನು ತೋರಿಸುತ್ತಾರೆ? ನೋಡಿದ ಕೂಡಲೇ ಗುರುತು ಹತ್ತುವಂಥದ್ದನ್ನು: ಹಳೆಯ ಗೇಮ್‌ನ ಹೆಸರು, ಸಿನಿಮಾ ನಟರ ಮುಖ, ಕುಸಿಯುವ ಕಟ್ಟಡ. ನಿಯಮದಲ್ಲೇ ರುಚಿ ಇರುವ ಗೇಮ್‌ಗಳು ಈ ಜರಡಿಯಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಬಲಾಟ್ರೊ ತೆಗೆದುಕೊಳ್ಳಿ. ಪೋಕರ್ ಎಲೆಗಳಿಗೆ ಜೋಕರ್ ಕಾರ್ಡ್‌ಗಳನ್ನು ಸೇರಿಸಿ ಅಂಕಗಳನ್ನು ಗುಣಿಸುತ್ತ ಹೋಗುವ ಆಟ, ಬರೆದದ್ದು ಒಬ್ಬನೇ ಡೆವಲಪರ್. ಒಂದು ನಿಮಿಷದ ವಿಡಿಯೋದಲ್ಲಿ ಅದು ಬರೀ ಇಸ್ಪೀಟಿನಂತೆ ಕಾಣುತ್ತದೆ. ಅರ್ಧ ಗಂಟೆ ಆಡಿದರೆ ರಾತ್ರಿ ಊಟ ಮರೆಯುತ್ತದೆ. ವರ್ಷ ತುಂಬುವುದರೊಳಗೆ 50 ಲಕ್ಷ ಪ್ರತಿ ಮಾರಾಟವಾಯಿತು.

ಇನ್ನೊಂದು ಕಡೆ ತಯಾರಿಕೆಯ ಖರ್ಚು. ಮೈಕ್ರೋಸಾಫ್ಟ್ ವಿರುದ್ಧ ಅಮೆರಿಕ ಸರ್ಕಾರದ ವ್ಯಾಪಾರ ನಿಯಂತ್ರಣ ಸಂಸ್ಥೆ ಎಫ್‌ಟಿಸಿ ಹೂಡಿದ ಮೊಕದ್ದಮೆಯಲ್ಲಿ, 2023ರಲ್ಲಿ, ಸೋನಿಯ ದಾಖಲೆಯಲ್ಲಿ ಮಸಿ ಬಳಿದಿದ್ದ ಅಂಕಿಗಳು ಹೊರಗೆ ಕಂಡವು: ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ಕ್ಕೆ 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್. ಇಷ್ಟು ದುಡ್ಡು ಹಾಕಿದವರು ಹೊಸ ಪ್ರಯೋಗಕ್ಕೆ ಕೈ ಹಾಕಲು ಹೆದರುತ್ತಾರೆ. ಹಾಗಾಗಿ 2013ರಲ್ಲಿ ಬಂದ ಮೊದಲ ಲಾಸ್ಟ್ ಆಫ್ ಅಸ್ 2014ರಲ್ಲಿ ರಿಮಾಸ್ಟರ್ (ಹಳೆಯದನ್ನೇ ಹೊಳಪು ಕೊಟ್ಟು ಮರುಬಿಡುಗಡೆ) ಆಯಿತು, 2022ರಲ್ಲಿ ಮತ್ತೆ ರಿಮೇಕ್ (ಹೊಸದಾಗಿ ಕಟ್ಟಿದ್ದು) ಆಯಿತು. ನೂರಾರು ಜನ ಏಕಕಾಲಕ್ಕೆ ಕೆಲಸ ಮಾಡಬೇಕಾದರೆ ಕೆಲಸವನ್ನು ತುಂಡು ಮಾಡಿ ಹಂಚಬೇಕು: ಒಂದು ತಂಡಕ್ಕೆ ಶತ್ರುಗಳ ಬಿಡಾರ, ಇನ್ನೊಂದಕ್ಕೆ ಬೇಟೆ, ಮತ್ತೊಂದಕ್ಕೆ ಸಂಗ್ರಹದ ವಸ್ತುಗಳು. ಮ್ಯಾಪ್ ತುಂಬ ಐಕಾನ್, ಪಾತ್ರದ ಶಕ್ತಿಗಳನ್ನು ಒಂದೊಂದಾಗಿ ತೆರೆಯುವ ಕೌಶಲ್ಯದ ಮರ, ಹತ್ತಬೇಕಾದ ಬಂಡೆಯ ಅಂಚಿಗೆ ಹಳದಿ ಬಣ್ಣ, ಇವೆಲ್ಲ ಎಲ್ಲ ಕಡೆಯೂ ಕಾಣುವುದು ಇದರಿಂದಲೇ. ಹಳದಿ ಬಣ್ಣಕ್ಕೆ ಇನ್ನೂ ಒಂದು ಕಾರಣವಿದೆ: ಗ್ರಾಫಿಕ್ಸ್ ವಿವರ ಹೆಚ್ಚಾದಷ್ಟೂ ಯಾವುದು ಹತ್ತುವ ಕಲ್ಲು, ಯಾವುದು ಅಲಂಕಾರದ ಕಲ್ಲು ಎಂದು ಪರೀಕ್ಷೆಗೆ ಆಡುವವರಿಗೆ ತಿಳಿಯದೆ ದಾರಿ ತಪ್ಪುತ್ತಾರೆ. ಹಲವರು ಗೇಮ್ ಕಟ್ಟುವ ಒಂದೇ ತಂತ್ರಾಂಶ ಅನ್‌ರಿಯಲ್ ಎಂಜಿನ್ ಬಳಸಿ, ಮೆಗಾಸ್ಕ್ಯಾನ್ಸ್ ಎಂಬ ಒಂದೇ ಸಿದ್ಧ ಮಾದರಿಗಳ ಭಂಡಾರದಿಂದ ಬಂಡೆ, ಪಾಚಿ, ಮಣ್ಣು ತೆಗೆದುಕೊಳ್ಳುವುದರಿಂದ ನೋಟವೂ ಒಂದೇ ಆಗುತ್ತದೆ.

ಆನ್‌ಲೈನ್ ಗೇಮ್‌ಗಳ ಕಥೆ ಇನ್ನೂ ಕೆಟ್ಟದ್ದು. ಸೋನಿಯ ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎರಡು ವಾರ. ಕೊಂಡವರಿಗೆ ಹಣ ವಾಪಸ್ ಸಿಕ್ಕಿತು, ಅಷ್ಟರ ಮಟ್ಟಿಗೆ ಸರಿ.

ಈಗ ಟ್ರೇಲರ್ ವಿಷಯ. ಇದನ್ನು ನಿಧಾನವಾಗಿ ಓದಿ. ಮೋಸ ಒಂದೇ ಬಗೆಯದಲ್ಲ. ಮೊದಲನೆಯದು ಗೇಮ್ ಇಲ್ಲದೆಯೇ ಮಾಡಿದ ಅನಿಮೇಷನ್: 2005ರ ಇ3ಯಲ್ಲಿ ತೋರಿಸಿದ ಕಿಲ್‌ಝೋನ್ 2ರ ವಿಡಿಯೋ ಮೊದಲೇ ರೆಂಡರ್ ಮಾಡಿಟ್ಟದ್ದು, ಗೇಮ್ ಬಂದದ್ದು 2009ರಲ್ಲಿ. ಎರಡನೆಯದು ಆಡಲು ಬರುವಂತೆ ಮಾಡಿದ ಒಂದು ತುಂಡು, ಉದ್ಯಮದವರ ಮಾತಿನಲ್ಲಿ ವರ್ಟಿಕಲ್ ಸ್ಲೈಸ್. ಹತ್ತು ನಿಮಿಷದ ಒಂದು ಬೀದಿಯನ್ನು ತಿಂಗಳುಗಟ್ಟಲೆ ತಿದ್ದಿ ತೀಡುತ್ತಾರೆ. ಆ ಬೀದಿಗಷ್ಟೇ ಇಡೀ ಮೆಮೊರಿ, ಇಡೀ ಪ್ರೊಸೆಸರ್ ಸಿಗುತ್ತದೆ. ಇಡೀ ನಗರ ಸೇರಿದಾಗ ಅದೇ ಬೆಳಕು, ಅದೇ ಜನಸಂದಣಿ ಕನ್ಸೋಲ್‌ನಲ್ಲಿ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರದಲ್ಲಿ) ನಿಲ್ಲುವುದಿಲ್ಲ, ಕತ್ತರಿಸಬೇಕಾಗುತ್ತದೆ. 2012ರಲ್ಲಿ ಕಂಡ ವಾಚ್ ಡಾಗ್ಸ್‌ಗೂ 2014ರಲ್ಲಿ ಕೈಗೆ ಬಂದ ವಾಚ್ ಡಾಗ್ಸ್‌ಗೂ ಇದ್ದ ಅಂತರ ಜನ ಇನ್ನೂ ಮರೆತಿಲ್ಲ. ಮೂರನೆಯದು ಗೇಮ್ ಏನೆಂದು ತಯಾರಕರಿಗೇ ಗೊತ್ತಿಲ್ಲದಾಗ ಮಾಡಿದ ಡೆಮೋ. 2017ರಲ್ಲಿ ತೋರಿಸಿದ ಆಂಥಮ್ ಹಾಗಿತ್ತು ಎಂದು 2019ರಲ್ಲಿ ಗೇಮಿಂಗ್ ಸುದ್ದಿತಾಣ ಕೊಟಾಕು ವಿವರವಾದ ವರದಿ ಮಾಡಿತು. ಪೂರ್ತಿ ಆನ್‌ಲೈನ್ ಗೇಮ್ ಆದ್ದರಿಂದ 2026ರ ಜನವರಿ 12ರಂದು ಸರ್ವರ್ ನಿಂತ ಮೇಲೆ ಅದರ ಡಿಸ್ಕ್ ಇದ್ದೂ ಪ್ರಯೋಜನವಿಲ್ಲ. ನಾಲ್ಕನೆಯದು ಬರೀ ಲೋಗೋ. ದಿ ಎಲ್ಡರ್ ಸ್ಕ್ರೋಲ್ಸ್ 6ರ ಹೆಸರು ತೋರಿಸಿದ್ದು 2018ರ ಜೂನ್‌ನಲ್ಲಿ, ಗೇಮ್ ಇನ್ನೂ ಬಂದಿಲ್ಲ. ಮೆಟ್ರಾಯ್ಡ್ ಪ್ರೈಮ್ 4ರ ಲೋಗೋ ಬಂದದ್ದು 2017ರಲ್ಲಿ, 2019ರಲ್ಲಿ ಕೆಲಸ ಮೊದಲಿನಿಂದ ಶುರುವಾಯಿತು, ಗೇಮ್ ಬಂದದ್ದು 2025ರ ಡಿಸೆಂಬರ್‌ನಲ್ಲಿ. ಆಡುವ ದೃಶ್ಯ ತೋರಿಸಿದರೂ ಖಾತ್ರಿಯಿಲ್ಲ: ಪರ್ಫೆಕ್ಟ್ ಡಾರ್ಕ್ 2020ರಲ್ಲಿ ಘೋಷಣೆಯಾಗಿ, 2024ರ ಜೂನ್‌ನಲ್ಲಿ ಗೇಮ್‌ಪ್ಲೇ ತೋರಿಸಿ, 2025ರ ಜುಲೈನಲ್ಲಿ ರದ್ದಾಯಿತು.

ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಕೂಡಲೇ ಮೂಡಿಗೆರೆಯ ಯಾವ ಕಾಫಿ ಬೆಳೆಗಾರರೂ ಫಸಲಿನ ಮೂಟೆ ಲೆಕ್ಕ ಕಟ್ಟುವುದಿಲ್ಲ. ಕಾಯಿ ಕಚ್ಚಬೇಕು, ಆಷಾಢದ ಮಳೆಗೆ ಉದುರದೆ ನಿಲ್ಲಬೇಕು. ಗೇಮ್ ವಿಷಯದಲ್ಲಿ ಮಾತ್ರ ಹೂ ನೋಡಿಯೇ ಐದು ಸಾವಿರ ಕೊಡಿ ಎನ್ನುತ್ತಾರೆ.

ಹಾಗೆಂದು ಶೋದಲ್ಲಿ ಒಳ್ಳೆಯದೇ ಬರುವುದಿಲ್ಲ ಎಂದಲ್ಲ. ಫ್ರಾನ್ಸಿನ ಮಾಂಪೆಲಿಯೆಯ ಸಣ್ಣ ತಂಡದ ಕ್ಲೇರ್ ಅಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಮೊದಲು ಕಂಡದ್ದು 2024ರ ಜೂನ್‌ನ ಎಕ್ಸ್‌ಬಾಕ್ಸ್ ಶೋದಲ್ಲಿ, 2025ರ ಏಪ್ರಿಲ್‌ನಲ್ಲಿ ಬಂತು, ಆ ವರ್ಷದ ಗೇಮ್ ಆಫ್ ದಿ ಇಯರ್ ಪ್ರಶಸ್ತಿ ಗೆದ್ದಿತು. ಹತ್ತು ತಿಂಗಳ ಅಂತರ. ಹೈ-ಫೈ ರಷ್ 2023ರ ಜನವರಿ 25ರಂದು ಘೋಷಣೆಯಾಗಿ ಅದೇ ದಿನ ಬಿಡುಗಡೆಯಾಯಿತು. ತೋರಿಸಿದ ದಿನಕ್ಕೂ ಕೈಗೆ ಸಿಗುವ ದಿನಕ್ಕೂ ಅಂತರ ಕಡಿಮೆ ಇದ್ದಷ್ಟೂ ಟ್ರೇಲರ್ ನಿಜದ ಹತ್ತಿರ ಇರುತ್ತದೆ, ಏಕೆಂದರೆ ಕತ್ತರಿಸಬೇಕಾದದ್ದನ್ನು ಆಗಲೇ ಕತ್ತರಿಸಿ ಆಗಿರುತ್ತದೆ.

ಆದ್ದರಿಂದ ಟ್ರೇಲರ್ ನೋಡುವಾಗ ಮೊದಲು ಕೊನೆಗೆ ಹೋಗಿ. ದಿನ, ತಿಂಗಳು, ವರ್ಷ ಮೂರೂ ಇದ್ದರೆ ನೋಡಲು ಯೋಗ್ಯ. ವರ್ಷ ಮಾತ್ರ ಇದ್ದರೆ ಮುಂದೆ ಹೋಗುತ್ತದೆ ಎಂದುಕೊಳ್ಳಿ. ಏನೂ ಇಲ್ಲದಿದ್ದರೆ ಮರೆತುಬಿಡಿ. ಆಮೇಲೆ ಪರದೆಯ ಕೆಳಗಿನ ಸಣ್ಣ ಅಕ್ಷರ ಓದಿ. "ಇನ್-ಎಂಜಿನ್ ಫುಟೇಜ್" ಎಂದರೆ ಗೇಮ್‌ನ ಎಂಜಿನ್‌ನಲ್ಲಿ ಮಾಡಿದ ವಿಡಿಯೋ ಅಷ್ಟೇ, ಆಡುವಾಗಿನ ದೃಶ್ಯವೆಂದು ಅರ್ಥವಲ್ಲ. ಜೀವದ ಪಟ್ಟಿ, ಗುಂಡುಗಳ ಲೆಕ್ಕ, ಪುಟ್ಟ ಮ್ಯಾಪ್ ಕಾಣುತ್ತಿವೆಯೇ? ಕ್ಯಾಮೆರಾ ಆಟಗಾರನ ಬೆನ್ನ ಹಿಂದೆಯೇ ಇದೆಯೇ, ಅಥವಾ ಸಿನಿಮಾದಂತೆ ಸುತ್ತುತ್ತಿದೆಯೇ? ಕಟ್ ಇಲ್ಲದೆ ಒಂದೇ ದೃಶ್ಯ ಎಷ್ಟು ಹೊತ್ತು ಓಡುತ್ತದೆ? ಎರಡು ನಿಮಿಷ ಕಟ್ ಇಲ್ಲದ ಆಟ ತೋರಿಸಲು ಧೈರ್ಯವಿಲ್ಲದ ಗೇಮ್‌ಗೆ ನಿಮ್ಮ ದುಡ್ಡು ಕಾಯಬಹುದು. ಯಾವ ಯಂತ್ರದಲ್ಲಿ ಚಿತ್ರೀಕರಿಸಿದ್ದು ಎಂಬುದೂ ಮುಖ್ಯ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಒಳ್ಳೆಯ ಪಿಸಿಯಲ್ಲಿ ಓಡುತ್ತಿತ್ತು. ಹಳೆಯ ಪಿಎಸ್4 (ಪ್ಲೇಸ್ಟೇಷನ್ 4) ಕನ್ಸೋಲ್‌ನಲ್ಲಿ ಎಷ್ಟು ಕೆಟ್ಟಿತ್ತೆಂದರೆ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆಯಿತು.

ನಮ್ಮ ಕಡೆಯವರಿಗೆ ಟ್ರೇಲರ್ ಎಂದೂ ಹೇಳದ ಕೆಲವು ಸಂಗತಿಗಳಿವೆ. ಜೂನ್ ಶೋ ನಮಗೆ ಸಾಮಾನ್ಯವಾಗಿ ನಸುಕಿನ 2.30ಕ್ಕೆ. ಅದಕ್ಕಾಗಿ ನಿದ್ದೆ ಕೆಡಬೇಡಿ, ಬೆಳಿಗ್ಗೆ ಎದ್ದು ದಿನಾಂಕ ಖಚಿತವಾದ ಗೇಮ್‌ಗಳನ್ನಷ್ಟೇ ನೋಡಿದರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಕಾಲೇಜು ಹುಡುಗರ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರಿಸುವ ವಿಧಾನ) ಹಾರ್ಡ್‌ವೇರ್ ಇಲ್ಲ. 2024ರ ಇಂಡಿಯಾನಾ ಜೋನ್ಸ್, 2025ರ ಡೂಮ್: ದಿ ಡಾರ್ಕ್ ಏಜಸ್ ಎರಡೂ ಅದನ್ನು ಕಡ್ಡಾಯವಾಗಿ ಕೇಳುತ್ತವೆ, ಸೆಟ್ಟಿಂಗ್ ಎಷ್ಟೇ ಇಳಿಸಿದರೂ ಪ್ರಯೋಜನವಿಲ್ಲ. ಸ್ಟೋರ್ ಪುಟದ ಕೆಳಭಾಗದ ಕನಿಷ್ಠ ಅಗತ್ಯಗಳನ್ನು ಓದದೆ ಕಾಸು ಕೊಡಬೇಡಿ.

ಡೌನ್‌ಲೋಡ್ ಲೆಕ್ಕವನ್ನೂ ಮೊದಲೇ ಹಾಕಿ. 150 ಜಿಬಿ ಗೇಮ್ 100 ಎಂಬಿಪಿಎಸ್ ಫೈಬರ್‌ನಲ್ಲಿ ಪೂರ್ತಿ ವೇಗ ಸಿಕ್ಕರೆ 3 ಗಂಟೆ 20 ನಿಮಿಷ, 40 ಎಂಬಿಪಿಎಸ್‌ನಲ್ಲಿ 8 ಗಂಟೆ 20 ನಿಮಿಷ. ಫೈಬರ್ ಬರದ ಎಸ್ಟೇಟ್ ಕಡೆ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನೆಚ್ಚಿಕೊಂಡರೆ 75 ದಿನ. ಸಕಲೇಶಪುರ, ಕೊಪ್ಪದ ಮಳೆಗಾಲದಲ್ಲಿ ಕರೆಂಟ್ ಹೋದರೆ, ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಡೌನ್‌ಲೋಡನ್ನು ನಿಂತಲ್ಲಿಂದಲೇ ಮುಂದುವರಿಸುತ್ತದೆ, ಆದರೆ ಆ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲ್ ಕೆಟ್ಟಿರಬಹುದು. ಗೇಮ್ ತೆರೆಯದಿದ್ದರೆ ಅಳಿಸಿ ಮತ್ತೆ ಇಳಿಸಬೇಡಿ. ಪ್ರಾಪರ್ಟೀಸ್‌ಗೆ ಹೋಗಿ ಫೈಲ್ ಪರಿಶೀಲನೆ ಒತ್ತಿದರೆ ಕೆಟ್ಟ ಭಾಗ ಮಾತ್ರ ಮತ್ತೆ ಬರುತ್ತದೆ.

ಹಣ ವಾಪಸ್ ಪಡೆಯುವ ನಿಯಮ ಪ್ರೀ-ಆರ್ಡರ್‌ಗಿಂತ ನೂರು ಪಾಲು ಉಪಯುಕ್ತ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ಮರಳುತ್ತದೆ. ಎಡವುವುದು ಇಲ್ಲಿ: ಮೊದಲ ಸಲ ತೆರೆದಾಗ ಶೇಡರ್ ಕಂಪೈಲ್ (ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಪ್ರೋಗ್ರಾಂಗಳ ಸಿದ್ಧತೆ) ಆಗುವ ಹೊತ್ತು, ಕಂಪನಿಯ ಬೇರೆ ಲಾಂಚರ್ ತೆರೆದಿಟ್ಟ ಹೊತ್ತು ಎಲ್ಲವೂ ಆ 2 ಗಂಟೆಯಲ್ಲೇ ಸೇರುತ್ತವೆ. ಹಾಗಾಗಿ ಮೊದಲ 20 ನಿಮಿಷದಲ್ಲಿ ಪಾತ್ರದ ಮೂಗು ತಿದ್ದುತ್ತ ಕೂರದೆ ನೇರವಾಗಿ ಬಯಲಿಗೆ ಹೋಗಿ, ಸೆಕೆಂಡಿಗೆ ಫ್ರೇಮ್ (ಚಿತ್ರ) ಎಷ್ಟು ಬರುತ್ತಿದೆ ನೋಡಿ. ಪ್ಲೇಸ್ಟೇಷನ್ ಸ್ಟೋರ್ ಇನ್ನೂ ಬಿಗಿ: ಡೌನ್‌ಲೋಡ್ ಶುರುವಾದರೆ, ಗೇಮ್‌ನಲ್ಲೇ ದೋಷವಿದ್ದ ಹೊರತು, ಹಣದ ಆಸೆ ಬಿಡಿ. ಪ್ರೀ-ಆರ್ಡರ್ ಈಗಾಗಲೇ ಮಾಡಿದ್ದರೆ ಸ್ವಯಂ ಡೌನ್‌ಲೋಡ್ ಆಯ್ಕೆಯನ್ನು ಮೊದಲು ಆಫ್ ಮಾಡಿ.

ಶೋ ಬಿಟ್ಟು ಹೊಸ ಗೇಮ್ ಹುಡುಕುವುದೆಲ್ಲಿ ಎಂದರೆ, ನನ್ನ ಮಟ್ಟಿಗೆ ಸ್ಟೀಮ್ ನೆಕ್ಸ್ಟ್ ಫೆಸ್ಟ್. ವರ್ಷಕ್ಕೆ ಮೂರು ಸಲ, ಸಾಮಾನ್ಯವಾಗಿ ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ಒಂದು ವಾರ ನೂರಾರು ಡೆಮೋಗಳು ಉಚಿತ. ಹಲವು ಡೆಮೋ 5 ಜಿಬಿಗಿಂತ ಚಿಕ್ಕವು, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಒಂದು ವರ್ಷದಲ್ಲಿ, 2024ರಲ್ಲಿ, ಸ್ಟೀಮ್‌ಗೆ ಬಂದ ಗೇಮ್‌ಗಳು 18 ಸಾವಿರಕ್ಕೂ ಹೆಚ್ಚು. ಹೊಸತು ಇಲ್ಲವೆಂಬ ಬೇಸರ ಶೋ ನೋಡುವವರಿಗೆ ಬರುತ್ತದೆ, ಡೆಮೋ ಆಡುವವರಿಗೆ ಬರುವುದು ಕಡಿಮೆ. ಇಷ್ಟವಾದದ್ದನ್ನು ವಿಶ್‌ಲಿಸ್ಟ್‌ಗೆ ಹಾಕಿಡಿ, ಬಿಡುಗಡೆಯಾದ ಮೇಲೆ "ಇತ್ತೀಚಿನ ವಿಮರ್ಶೆಗಳು" ನೋಡಿ, ಹತ್ತು ಗಂಟೆಗಿಂತ ಹೆಚ್ಚು ಆಡಿದವರ ಮಾತಿಗೆ ಬೆಲೆ ಕೊಡಿ.

ಕೊನೆಗೆ, ಎಲ್ಲರೂ ಕೇಳುವ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೊ 6). "ಅದಕ್ಕೋಸ್ಕರ ಈಗ್ಲೇ ಪಿಸಿ ಕಟ್ಟಿಸ್ಲಾ?" ಬೇಡ. 2026ರ ನವೆಂಬರ್ 19ರ ದಿನಾಂಕ ಘೋಷಿಸಿದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ, ಅದೂ ಎರಡು ಸಲ ಮುಂದೂಡಿದ ಮೇಲೆ. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ಅದೇ ಕಂಪನಿಯ ರೆಡ್ ಡೆಡ್ ರಿಡೆಂಪ್ಷನ್ 2 ಕನ್ಸೋಲ್‌ಗೆ 2018ರ ಅಕ್ಟೋಬರ್‌ನಲ್ಲಿ, ಪಿಸಿಗೆ 2019ರ ನವೆಂಬರ್‌ನಲ್ಲಿ. ಅಂದರೆ 13ರಿಂದ 19 ತಿಂಗಳು. ಈಗ ಕೊಂಡ ಗ್ರಾಫಿಕ್ಸ್ ಕಾರ್ಡ್ ಅಷ್ಟರಲ್ಲಿ ಹಳತಾಗಿರುತ್ತದೆ. ಪಿಸಿ ಆವೃತ್ತಿಯ ಕನಿಷ್ಠ ಅಗತ್ಯಗಳ ಪಟ್ಟಿ ಹೊರಬಿದ್ದ ದಿನ ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ.